ಬಿಸಿಲೇರಿದ ಮೇಲೆ ಸೆಲ್ಫ್ ತಗೊಳ್ಳದ ಡೀಸೆಲ್ ಪಿಕಪ್: ಬ್ಯಾಟರಿ ಹೊಸದು, ಆದರೂ ಬರೀ "ಟಿಕ್"

ಗಂಜ್ ಲೋಡು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ಡೀಸೆಲ್ ಪಿಕಪ್ ಈ ಬೇಸಿಗೆಯಲ್ಲಿ ಬಹಳ ಸತಾಯಿಸುತ್ತಿದೆ. ಬೆಳಿಗ್ಗೆ ಮನೆ ಮುಂದೆ ಒಂದೇ ಕೀಗೆ ಸ್ಟಾರ್ಟ್. ಆದರೆ ಚಿಂಚೋಳಿ ಕಡೆಯಿಂದ ತೊಗರಿ ತುಂಬಿಕೊಂಡು ನೆಹರು ಗಂಜ್‌ಗೆ ಬಂದು, ಗಾಡಿ ಬಂದ್ ಮಾಡಿ, ಹಮಾಲರು ಚೀಲ ಇಳಿಸಿ ತೂಕ ಎಲ್ಲ ಮುಗಿದ ಮೇಲೆ ಕೀ ತಿರುಗಿಸಿದರೆ ಬರೀ "ಟಿಕ್" ಅನ್ನುತ್ತದೆ. ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟರ್ ತಿರುಗುವುದೇ ಇಲ್ಲ. ಬಾನೆಟ್ ಎತ್ತಿ ಒಂದು ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ.

ಮೊದಲು ತೋರಿಸಿದ ಕಡೆ ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ತೊಂದರೆ ಹಾಗೇ ಇದೆ. ಈಗ ಇನ್ನೊಂದು ಗ್ಯಾರೇಜಿನವರು ಸೆಲ್ಫ್ ಮೋಟರ್ ಪೂರ್ತಿ ಬದಲಿಸಿ ಅನ್ನುತ್ತಿದ್ದಾರೆ. ಅದು ಸಣ್ಣ ದುಡ್ಡಲ್ಲ. ಇದು ಬಾಡಿಗೆ ಗಾಡಿ, ಒಂದು ದಿನ ನಿಂತರೆ ಅವತ್ತಿನ ದುಡಿಮೆ ಹೋಯಿತು. ಮತ್ತೆ ಖರ್ಚು ಮಾಡುವ ಮುಂಚೆ ಯಾವುದು ಕೆಟ್ಟಿದೆ ಅಂತ ಪಕ್ಕಾ ಆಗಬೇಕು. ಮನೆಯಲ್ಲೊಂದು ಸಾದಾ ಡಿಜಿಟಲ್ ಮೀಟರ್ ಇದೆ. ಎಲ್ಲಿ ಹಿಡಿದು ನೋಡಬೇಕು, ಯಾರಾದರೂ ಹೇಳಿ.

ಸೇಡಂ ರಸ್ತೆ:

ಅಣ್ಣಾ, ಇದು ಪಕ್ಕಾ ಸೆಲ್ಫ್ ಮೋಟರ್. ಅದರೊಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿರುತ್ತವೆ. ಮುಂದಿನ ಸಲ ನಿಂತಾಗ ಪಾನದ ಹಿಡಿಯಿಂದ ಸೆಲ್ಫ್ ಬಾಡಿ ಮೇಲೆ ಮೆಲ್ಲಗೆ ಎರಡು ಏಟು ಹಾಕಿ, ಇನ್ನೊಬ್ಬರು ಕೀ ತಿರುಗಿಸಲಿ. ಸ್ಟಾರ್ಟ್ ಆದರೆ ಅದೇ ಅಂತ ತಿಳೀರಿ. ನಮ್ಮ ಹಳೇ ಜೀಪಿಗೆ ಹೀಗೇ ಆಗಿತ್ತು. ಬ್ರಷ್, ಬುಷ್ ಹಾಕಿಸಿದ ಮೇಲೆ ಸರಿಹೋಯಿತು, ಪೂರ್ತಿ ಮೋಟರ್ ಬೇಕಾಗಲಿಲ್ಲ.

ಕಪನೂರು ವೈರಿಂಗ್:

ಸೇಡಂ ಅಣ್ಣ ಹೇಳಿದ್ದು ಆಗುವ ಮಾತೇ, ಆದರೆ ಅಷ್ಟು ಬೇಗ ಪಕ್ಕಾ ಅನ್ನೋದು ಬೇಡ. ಆಟೊ ವೈರಿಂಗ್ ನನ್ನ ಕಸುಬು, ಹೊಟ್ಟೆಪಾಡು ಇದರಲ್ಲೇ. ಬೇಸಿಗೆ ಬಂತೆಂದರೆ ಇಂಥ ಗಾಡಿಗಳು ಸಾಲಾಗಿ ಬರುತ್ತವೆ. ಅದರಲ್ಲಿ ಎಷ್ಟೋ ಗಾಡಿಗಳಿಗೆ ಚೆನ್ನಾಗಿದ್ದ ಸೆಲ್ಫ್ ಮೋಟರ್ ಬಿಚ್ಚಿ ಹೊಸದು ಹಾಕಿರುತ್ತಾರೆ, ರೋಗ ಮಾತ್ರ ಬೇರೆ ಕಡೆ ಉಳಿದಿರುತ್ತದೆ. ಇದನ್ನು ನೋಡಿ ನನಗೆ ನಿಜವಾಗಲೂ ಸಂಕಟವಾಗುತ್ತದೆ, ಯಾಕೆಂದರೆ ಹೋಗುವುದು ದುಡಿಯುವವರ ದುಡ್ಡು.

ಮೊದಲು ಎರಡು ಪ್ರಶ್ನೆ, ಮೀಟರ್ ಬೇಕಾಗಿಲ್ಲ. ಒಂದು, ಕೀ ತಿರುಗಿಸಿ ಹಿಡಿದಾಗ ಹೆಡ್‌ಲೈಟ್ ಹಾಕಿ ನೋಡಿ. ಬೆಳಕು ಕಮ್ಮಿ ಆಗುತ್ತದಾ, ಪೂರ್ತಿ ಆರುತ್ತದಾ, ಇಲ್ಲಾ ಹಾಗೇ ಇರುತ್ತದಾ? ಎರಡು, ಆ "ಟಿಕ್" ಎಲ್ಲಿಂದ ಬರುತ್ತದೆ? ಇಂಜಿನ್ ಕೆಳಗೆ ಸೆಲ್ಫ್ ಹತ್ತಿರ "ಠಕ್" ಅಂತ ಭಾರವಾಗಿ ಬರುತ್ತದಾ, ಇಲ್ಲಾ ಮೇಲೆ ಫ್ಯೂಸ್ ಬಾಕ್ಸ್ ಕಡೆ ಸಣ್ಣಗೆ ಬರುತ್ತದಾ?

ಸೆಲ್ಫ್ ಮೋಟರ್ ತಿರುಗುವಾಗ ಡೀಸೆಲ್ ಗಾಡಿ ನೂರಾರು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟ್ ಹೋಗುತ್ತಿದ್ದರೆ ಲೈಟ್ ಮಂಕಾಗಲೇಬೇಕು. ಪೂರ್ತಿ ಆರಿದರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. "ಟಕಟಕಟಕ" ಅಂತ ಬಿಡದೆ ಹೊಡೆದುಕೊಂಡರೂ ಹೆಚ್ಚಾಗಿ ಅದೇ. ಲೈಟ್ ಬೆಳಗಿದ ಹಾಗೇ ಇದ್ದು ಸೆಲ್ಫ್ ಸುಮ್ಮನಿದ್ದರೆ ಆ ದೊಡ್ಡ ಕರೆಂಟ್ ಮೋಟರಿನೊಳಗೆ ಹೋಗುತ್ತಲೇ ಇಲ್ಲ ಅಂತ ಅರ್ಥ. ಆಗ ಬ್ಯಾಟರಿ ಬದಲಿಸಿ ಏನು ಪ್ರಯೋಜನ?

ಹುಮನಾಬಾದ್ ಸವಾರ:

ಅದು ಸರಿ ಗುರುಗಳೇ, ಆದರೆ ಬಿಸಿಯಾದಾಗ ಮಾತ್ರ ಯಾಕೆ? ಕೆಟ್ಟಿದ್ದರೆ ಬೆಳಿಗ್ಗೆಯೂ ಕೆಟ್ಟಿರಬೇಕಲ್ವಾ?

ಕಪನೂರು ವೈರಿಂಗ್:

ಒಳ್ಳೇ ಪ್ರಶ್ನೆ. ಸೆಲ್ಫ್ ಮೇಲೆ ಸೊಲೆನಾಯ್ಡ್ ಕೂತಿದೆ, ಮೋಟರಿಗೆ ದೊಡ್ಡ ಕರೆಂಟ್ ಕೂಡಿಸುವ ಕಾಂಟ್ಯಾಕ್ಟ್ ಎಳೆಯುವುದು ಅದೇ. ಅದರೊಳಗೆ ತಾಮ್ರದ ಸುರುಳಿ ಇದೆ. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ 0.39. ಬೆಳಿಗ್ಗೆಗಿಂತ 60 ಡಿಗ್ರಿ ಜಾಸ್ತಿ ಬಿಸಿಯಾಯಿತು ಅಂದುಕೊಳ್ಳಿ. ರೆಸಿಸ್ಟೆನ್ಸ್ ಹತ್ತಿರ ಹತ್ತಿರ ಕಾಲು ಭಾಗ ಏರಿರುತ್ತದೆ. ಅದರಿಂದ ಕರೆಂಟ್ ಸುಮಾರು ಐದನೇ ಒಂದು ಭಾಗ ಕಮ್ಮಿ, ಎಳೆಯುವ ಬಲವೂ ಕಮ್ಮಿ. ವೈರಿಂಗ್ ಚೆನ್ನಾಗಿದ್ದರೆ ಇಷ್ಟನ್ನು ಸೊಲೆನಾಯ್ಡ್ ತಡೆದುಕೊಳ್ಳುತ್ತದೆ. ಆದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ಎರಡು ಮೂರು ವೋಲ್ಟ್ ಸೋರುತ್ತಿದ್ದರೆ ಬೆಳಿಗ್ಗೆ ಹೇಗೋ ಎಳೆದುಬಿಡುತ್ತದೆ, ಮಧ್ಯಾಹ್ನ ಆಗುವುದಿಲ್ಲ.

ಇನ್ನೂ ಒಂದು. ಗಾಡಿ ಓಡುವಾಗ ಗಾಳಿ ಬಡಿಯುತ್ತದೆ, ಫ್ಯಾನ್ ತಿರುಗುತ್ತದೆ. ಬಂದ್ ಮಾಡಿದ ಮೇಲೆ ಗಾಳಿಯೂ ಇಲ್ಲ, ನೀರೂ ತಿರುಗುವುದಿಲ್ಲ, ಇಂಜಿನ್ ಕಾವೆಲ್ಲ ಪಕ್ಕದ ಸಾಮಾನಿಗೆ ಏರುತ್ತದೆ. ಅದಕ್ಕೇ ಬಂದ್ ಮಾಡಿದ ತಕ್ಷಣಕ್ಕಿಂತ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದಾಗ ತೊಂದರೆ ಜಾಸ್ತಿ. ಗಂಜ್‌ನಲ್ಲಿ ಚೀಲ ಇಳಿಸುವ ಹೊತ್ತು ಸರಿಯಾಗಿ ಅದೇ. ಮೇಲೆ ನಮ್ಮ ಏಪ್ರಿಲ್, ಮೇ ತಿಂಗಳ 42, 43 ಡಿಗ್ರಿ ಬಿಸಿಲು ಬೇರೆ.

ಗಂಜ್ ಲೋಡು, ಕಲಬುರಗಿ:

ಇವತ್ತು ನೋಡಿದೆ. ಲೈಟ್ ಚೂರೂ ಮಂಕಾಗಲಿಲ್ಲ. ಸದ್ದು ಫ್ಯೂಸ್ ಬಾಕ್ಸ್ ಕಡೆಯಿಂದಲೇ, ಸಣ್ಣಗೆ. ಸೆಲ್ಫ್ ಹತ್ತಿರ ತಮ್ಮನನ್ನು ನಿಲ್ಲಿಸಿದ್ದೆ, ಅಲ್ಲೇನೂ ಸದ್ದಿಲ್ಲ ಅಂದ. ಈಗ ಮೀಟರ್ ಎಲ್ಲಿ ಹಿಡಿಯಲಿ?

ಬೀದರ್ ಬೆಟ್ಟದ ಮೇಲೆ:

ಕ್ಲಚ್ ಸ್ವಿಚ್ ನೋಡಿದಿರಾ ಸರ್? ಕೆಲವು ಗಾಡಿಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೆ ಸೆಲ್ಫ್ ತಗೊಳ್ಳುವುದಿಲ್ಲ. ಪೆಡಲ್ ಮೇಲಿರುವ ಸ್ವಿಚ್ ಸವೆದಿದ್ದರೂ ಹೀಗೇ ಆಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿಣುಕುತ್ತಿದ್ದರೆ ಇಮೊಬಿಲೈಜರ್, ಅಂದರೆ ಕೀ ಗುರುತು ಸಿಗದೆ ಸ್ಟಾರ್ಟ್ ತಡೆಯುವ ಕಳ್ಳತನದ ಲಾಕ್ ಕೂಡ ಇರಬಹುದು.

ಕಪನೂರು ವೈರಿಂಗ್:

ಬೀದರ್ ಸರ್ ಸರಿಯಾಗಿ ಹೇಳಿದರು, ಅದನ್ನು ನೋಡಲೇಬೇಕು. ಆದರೆ ಇಲ್ಲಿ ಫ್ಯೂಸ್ ಬಾಕ್ಸಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಟಿಕ್ ಅನ್ನುತ್ತಿದೆ ಅಂದರೆ ಕೀ, ಕ್ಲಚ್ ಸ್ವಿಚ್ ದಾಟಿ ಹುಕುಂ ರಿಲೇವರೆಗೂ ಬರುತ್ತಿದೆ. ಸಾಮಾನ್ಯವಾಗಿ ತೊಂದರೆ ರಿಲೇಯಿಂದ ಮುಂದೆ.

ಗಂಜ್ ಅಣ್ಣ, ಈಗ ಗಮನ ಇಟ್ಟು ಓದಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಸೆಲ್ಫ್ ಮೇಲೆ ಒಂದು ದಪ್ಪ ಕೇಬಲ್ ಇರುತ್ತದೆ, ಅದು ನೇರ ಬ್ಯಾಟರಿಯಿಂದ ಬರುತ್ತದೆ. ಪಕ್ಕದಲ್ಲೇ ಒಂದು ಸಣ್ಣ ವೈರ್ ಇದೆ, ಕೀ ತಿರುಗಿಸಿದಾಗ ಮಾತ್ರ ಅದಕ್ಕೆ ಕರೆಂಟ್ ಬರುತ್ತದೆ. ಬಹಳ ಗಾಡಿಗಳಲ್ಲಿ ಅದಕ್ಕೆ 50 ಅಂತ ಗುರುತು ಇರುತ್ತದೆ. ಗಾಡಿ ತಣ್ಣಗಿದ್ದಾಗಲೇ ಆ ಸಣ್ಣ ವೈರಿಗೆ ಇನ್ನೊಂದು ಉದ್ದ ವೈರ್ ಕಟ್ಟಿ, ಟೇಪ್ ಸುತ್ತಿ, ಫ್ಯಾನ್‌ಗೂ ಸೈಲೆನ್ಸರ್ ಪೈಪಿಗೂ ತಾಗದ ಹಾಗೆ ಮೇಲೆ ತಂದಿಡಿ. ಅದರ ಬರಿ ತುದಿ ಬಾಡಿಗೆ ತಾಗಬಾರದು, ಅದಕ್ಕೂ ಟೇಪ್ ಸುತ್ತಿ. ಬಿಸಿ ಇಂಜಿನ್ ಕೆಳಗೆ ಕೈ ಹಾಕುವ ಕಷ್ಟ ಬೇಡ.

ಗಾಡಿ ಕೈಕೊಟ್ಟ ಹೊತ್ತಿಗೇ ಅಳೆಯಬೇಕು, ಇದು ಮುಖ್ಯ. ಸರಿಯಾಗಿ ಸ್ಟಾರ್ಟ್ ಆಗುವಾಗ ಅಳೆದರೆ ಈ ರೋಗ ಸಿಗುವುದೇ ಕಷ್ಟ. ಒಬ್ಬರು ಕೀ ಹಿಡಿದಿರಲಿ, ನೀವು ಮೊದಲು ಬ್ಯಾಟರಿ ಎರಡು ಬುಡಕ್ಕೆ ಮೀಟರ್ ಹಿಡಿಯಿರಿ. ಆಮೇಲೆ ಕರಿ ತಂತಿ ಬ್ಯಾಟರಿ ನೆಗೆಟಿವ್ ಮೇಲೇ ಇರಲಿ, ಕೆಂಪು ತಂತಿ ಆ ಉದ್ದ ವೈರಿಗೆ. ಕೊನೆಗೆ ಕೆಂಪು ತಂತಿ ಇಂಜಿನ್ನಿನ ಬರಿ ಕಬ್ಬಿಣಕ್ಕೆ. ಬಣ್ಣದ ಮೇಲೆ ಹಿಡಿದರೆ ಆಗದು, ಕೆರೆದು ಹಿಡಿಯಿರಿ. ಈ ಕೊನೆಯದು ಅರ್ತ್, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ ನೋಡುವ ಪರೀಕ್ಷೆ, ಸೊನ್ನೆಗೆ ಹತ್ತಿರ ಇರಬೇಕು. ಮುಂದೆ ಸೆಲ್ಫ್ ತಿರುಗತೊಡಗಿದ ಮೇಲೆ ಇದನ್ನೇ ಇನ್ನೊಮ್ಮೆ ನೋಡಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಪಟ್ಟಿ ಬಿಚ್ಚಿ ಉಜ್ಜಲೇಬೇಕು.

ಕೀಯನ್ನು ಒಮ್ಮೆಗೆ ನಾಲ್ಕೈದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಸೊಲೆನಾಯ್ಡ್ ಒಳಗೆ ಎಳೆಯುವ ಸುರುಳಿ, ಹಿಡಿದಿಡುವ ಸುರುಳಿ ಅಂತ ಎರಡಿವೆ. ಎಳೆಯುವುದು ಬಹಳ ಕರೆಂಟ್ ತಿನ್ನುತ್ತದೆ, ಒಳಗಿನ ದೊಡ್ಡ ಕಾಂಟ್ಯಾಕ್ಟ್ ಕೂಡಿದ ಕೂಡಲೇ ಅದರ ಕೆಲಸ ಮುಗಿಯುತ್ತದೆ. ಕೂಡದಿದ್ದರೆ ಅದು ಕಾಯುತ್ತಲೇ ಇರುತ್ತದೆ. ಆ ಸುರುಳಿಗೆ ಅರ್ತ್ ಸಿಗುವುದು ಮೋಟರಿನ ಕಾರ್ಬನ್ ಬ್ರಷ್ ಮೂಲಕ. ಸೇಡಂ ಅಣ್ಣ ಹೇಳಿದ ಏಟು ಎಷ್ಟೋ ಸಲ ಕೆಲಸ ಮಾಡುವುದು ಇದಕ್ಕೇ. ಸಣ್ಣ ವೈರಿನಲ್ಲಿ ಬ್ಯಾಟರಿಗಿಂತ ಒಂದು ವೋಲ್ಟ್ ಒಳಗಿನ ವ್ಯತ್ಯಾಸ ಇದ್ದು, ಅರ್ತೂ ಚೆನ್ನಾಗಿದ್ದು, ಆದರೂ ಸೆಲ್ಫ್ ಅಲ್ಲಾಡದಿದ್ದರೆ ಸೆಲ್ಫ್ ಬಿಚ್ಚಿಸಿ. ಅಲ್ಲಿ ವೋಲ್ಟೇಜ್ ಬಹಳ ಕಮ್ಮಿ ಇದ್ದರೆ ಸೆಲ್ಫ್ ಮುಟ್ಟಬೇಡಿ.

ಶಹಾಪುರ ಹತ್ತಿ:

ಇಲ್ಲೇ ಕೇಳುತ್ತೇನೆ, ಬೇರೆ ಪ್ರಶ್ನೆಯಾದರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ಹಳೇ ಟ್ರ್ಯಾಕ್ಟರ್. ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಹೊಲದಲ್ಲಿ ಡೀಸೆಲ್ ಖಾಲಿಯಾಗಿ ನಿಂತಿತ್ತು. ಕ್ಯಾನಿನಲ್ಲಿ ತಂದು ಹಾಕಿದ ಮೇಲೆ ಈ ಅವಸ್ಥೆ. ಹೊಗೆಯೂ ಬರುವುದಿಲ್ಲ.

ಸೇಡಂ ರಸ್ತೆ:

ಡೀಸೆಲ್ ದಾರಿಯಲ್ಲಿ ಗಾಳಿ ಸೇರಿ ಏರ್ ಹಿಡಿದಿದೆ ಕಾಕಾ. ಸೆಲ್ಫ್ ತಿರುಗಿಯೂ ಹೊಗೆ ಬಾರದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ ಅಂತಲೇ. ಬಿಳಿ ಹೊಗೆ ಬಂದು ಹೊತ್ತದಿದ್ದರೆ ಅದು ಬೇರೆ ಮಾತು. ಫಿಲ್ಟರ್ ತಲೆ ಮೇಲೆ ಏರ್ ತೆಗೆಯುವ ಸಣ್ಣ ಬೋಲ್ಟ್ ಇರುತ್ತದೆ. ಅದರ ಸುತ್ತ ಮೊದಲು ಬಟ್ಟೆಯಿಂದ ಒರೆಸಿ. ನಮ್ಮ ಎರೆ ಮಣ್ಣಿನ ಧೂಳು ಒಳಗೆ ಹೋದರೆ ಪಂಪಿಗೆ ಕೇಡು. ಒಂದೆರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಗುಳ್ಳೆ ಪೂರ್ತಿ ನಿಂತ ಮೇಲೆ, ಡೀಸೆಲ್ ಹರಿಯುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ಪಂಪ್ ಮೇಲಿನ ಬೋಲ್ಟಿಗೂ ಹೀಗೇ ಮಾಡಿ. ಆದರೂ ಬಾರದಿದ್ದರೆ ಇಂಜೆಕ್ಟರ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ ಸೆಲ್ಫ್ ಹೊಡೆದರೆ ಅಲ್ಲಿನ ಗಾಳಿಯೂ ಹೋಗುತ್ತದೆ.

ಕಪನೂರು ವೈರಿಂಗ್:

ಸೇಡಂ ಅಣ್ಣನ ವಿಧಾನ ಸರಿ, ಹಳೇ ಟ್ರ್ಯಾಕ್ಟರಿಗೆ ಹಾಗೇ ಮಾಡಬೇಕು. ಆದರೆ ಇದನ್ನು ಓದಿ ಈಗಿನ ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ) ಗಾಡಿಯ ಮಾಲೀಕರು ಯಾರೂ ಇಂಜೆಕ್ಟರ್ ಪೈಪಿನ ನಟ್ ಬಿಚ್ಚಬೇಡಿ, ದಯವಿಟ್ಟು. ಇಂಜಿನ್ ಓಡುವಾಗ ಆ ಪೈಪಿನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಬರೀ ಸೆಲ್ಫ್ ಹೊಡೆಯುವಾಗಲೂ ನೂರಾರು ಬಾರ್ ಇರಬಹುದು. ಸೂಜಿ ಮೊನೆಯಷ್ಟು ಸಣ್ಣ ಧಾರೆ ಸಾಕು, ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗಿಂದ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಬೆರಳು ಕೊಳೆಯುತ್ತದೆ. ಹಾಗಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು, ನಾಳೆ ನೋಡೋಣ ಅನ್ನುವ ಗಾಯ ಅಲ್ಲ ಅದು. ಅಂಥ ಗಾಡಿಗೆ ಫಿಲ್ಟರ್ ಮೇಲಿನ ಕೈ ಪಂಪ್ ಇದ್ದರೆ ಅದನ್ನು ಗಟ್ಟಿಯಾಗುವವರೆಗೆ ಒತ್ತಿ, ಅಷ್ಟೇ. ಫಿಲ್ಟರ್ ಕೆಳಗೆ ನೀರು ಇಳಿಸುವ ಸ್ಕ್ರೂ ಇರುತ್ತದೆ, ಅದನ್ನೂ ಆಗಾಗ ಬಿಡಿ. ಕ್ಯಾನಿನ ಡೀಸೆಲ್ ಹಾಕುವವರಿಗೆ ಇದು ಬಹಳ ಮುಖ್ಯ.

ಹುಮನಾಬಾದ್ ಸವಾರ:

ನನ್ನದು ಪೆಟ್ರೋಲ್ ಕಾರು. ಹುಮನಾಬಾದಿನಿಂದ ಕಲಬುರಗಿಗೆ ಬರುವಾಗ ಕಮಲಾಪುರ ದಾಟಿದ ಮೇಲೆ ಓಡುತ್ತಿದ್ದ ಹಾಗೇ ಬಂದ್ ಬಿದ್ದಿತು. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬೇವಿನ ಮರದ ನೆರಳಲ್ಲಿ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಯಿತು. ಇದೂ ರಿಲೇನಾ?

ಕಪನೂರು ವೈರಿಂಗ್:

ಸೆಲ್ಫ್ ತಿರುಗುತ್ತಿದೆ ಅಂದ ಮೇಲೆ ಸೆಲ್ಫ್ ರಿಲೇ ಅಲ್ಲ, ನಿಮ್ಮ ದಾರಿ ಬೇರೆ. ಮತ್ತೆ ನಿಂತಾಗ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ತುಸು ಮೇಲೆದ್ದು ನಿಂತರೆ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮಾತಾಡುತ್ತಿದೆ. ಬಹಳ ಗಾಡಿಗಳಲ್ಲಿ, ಎಲ್ಲದರಲ್ಲಿ ಅಲ್ಲ, ಮುಳ್ಳು ಸೊನ್ನೆ ಬಿಟ್ಟು ಕದಲದಿದ್ದರೆ ಮೊದಲ ಅನುಮಾನ ಅದರ ಮೇಲೆ. ಬಿಸಿಗೆ ಕೈಕೊಟ್ಟು ತಣ್ಣಗಾದರೆ ಸರಿಹೋಗುವ ಚಾಳಿ ಅದಕ್ಕಿದೆ. ಇನ್ನೊಂದು, ಸೆಲ್ಫ್ ಹೊಡೆಯದೆ ಬರೀ ಕೀ ಆನ್ ಮಾಡಿ ಕಿವಿಗೊಡಿ. ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡು "ಗುಂಯ್" ಅನ್ನಬೇಕು, ಅದು ಪೆಟ್ರೋಲ್ ಪಂಪ್. ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸ್, ರಿಲೇ, ಆಮೇಲೆ ಪಂಪ್. ಸ್ಕ್ಯಾನರ್ ಹಾಕಿಸಿದರೆ ಕೋಡ್ ಸಿಗಬಹುದು. ಆದರೆ ಕೋಡಿನಲ್ಲಿ ಸೆನ್ಸರ್ ಹೆಸರು ಬಂದ ಮಾತ್ರಕ್ಕೆ ಸೆನ್ಸರ್ ಕೊಳ್ಳಬೇಡಿ. ಅದರ ಕಪ್ಲರ್ (ವೈರ್ ಕೂಡುವ ಪ್ಲಗ್) ಬಿಚ್ಚಿ ಎಣ್ಣೆ, ಧೂಳು, ಇಲಿ ಕಡಿದ ವೈರ್ ಇದೆಯಾ ನೋಡಿಸಿ.

ಗಂಜ್ ಲೋಡು, ಕಲಬುರಗಿ:

ಅಳೆದೆ ಗುರುಗಳೇ. ಮಧ್ಯಾಹ್ನ ಸರಿಯಾಗಿ ಕೈಕೊಟ್ಟಿತು. ಕೀ ಮುಟ್ಟದೆ ಬ್ಯಾಟರಿ 12.6 ವೋಲ್ಟ್. ಕೀ ತಿರುಗಿಸಿ ಹಿಡಿದಾಗ ಬ್ಯಾಟರಿ ಬುಡದಲ್ಲಿ 12.3. ಸಣ್ಣ ವೈರಿನಲ್ಲಿ 7.9. ಇಂಜಿನ್ ಕಬ್ಬಿಣದಲ್ಲಿ 0.05. ಇದರ ಅರ್ಥ ಸೆಲ್ಫ್ ಬಚಾವ್ ಅಂತಲಾ?

ಕಪನೂರು ವೈರಿಂಗ್:

ಸದ್ಯಕ್ಕೆ ಹೌದು. ಬ್ಯಾಟರಿ 12.3 ಕೊಡುತ್ತಿದೆ, ಸೊಲೆನಾಯ್ಡ್‌ಗೆ ಸಿಗುತ್ತಿರುವುದು 7.9. ನಡುವೆ 4.4 ವೋಲ್ಟ್ ಎಲ್ಲೋ ಬಿಸಿಯಾಗಿ ಹೋಗುತ್ತಿದೆ. ಅದು ರಿಲೇ ಒಳಗಿರಬಹುದು, ಸಾಕೆಟ್‌ನಲ್ಲಿ ಇರಬಹುದು, ವೈರ್ ಜಾಯಿಂಟಿನಲ್ಲೂ ಇರಬಹುದು. ರಿಲೇ ಕೆಳಗೆ 30 ಮತ್ತು 87 ಅಂತ ಎರಡು ಕಾಲು ಇವೆ, ದೊಡ್ಡ ಕರೆಂಟ್ ಹೋಗುವುದು ಇವೆರಡರ ನಡುವೆ. 85, 86 ಬರೀ ರಿಲೇಯನ್ನು ಎಬ್ಬಿಸುವುದಕ್ಕೆ. ಸಾಕೆಟ್ ಹಿಂದಿನಿಂದ ವೈರ್ ಜೊತೆ ಸಣ್ಣ ಪಿನ್ನು ತೂರಿಸಿ 30ರಲ್ಲಿ ಎಷ್ಟು, 87ರಲ್ಲಿ ಎಷ್ಟು ನೋಡಿ. ಒಳ್ಳೇ ರಿಲೇ ಮೇಲೆ 0.2 ವೋಲ್ಟಿಗಿಂತ ಜಾಸ್ತಿ ಬೀಳಬಾರದು.

ಹಾರ್ನ್ ರಿಲೇ ಅದೇ ಕಾಲು, ಅದೇ ಆಂಪಿಯರ್ ಬರಹದ್ದಾದರೆ ಅದನ್ನು ಕಿತ್ತು ಇದರ ಜಾಗಕ್ಕೆ ಹಾಕಿ ನೋಡಿ.

ಬೀದರ್ ಬೆಟ್ಟದ ಮೇಲೆ:

ನಡುವೆ ಒಂದು ಮಾತು. ಅಲ್ಲಿಯವರೆಗೆ ರಸ್ತೆಯಲ್ಲಿ ನಿಂತರೆ ತಳ್ಳಿ ಸ್ಟಾರ್ಟ್ ಮಾಡಿಕೊಳ್ಳಬಹುದಲ್ಲ? ಬ್ಯಾಟರಿ ಚೆನ್ನಾಗಿದೆ, ಗೇರ್ ಕೈಯಿಂದ ಹಾಕುವ ಗಾಡಿ.

ಸೇಡಂ ರಸ್ತೆ:

ಖಾಲಿ ಗಾಡಿ, ಬಯಲು ಜಾಗ ಇದ್ದರೆ ಆಗುತ್ತದೆ. ಕೀ ಆನ್ ಇರಲೇಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಬೀಳುತ್ತದೆ. ಸೆಕೆಂಡ್ ಗೇರಿನಲ್ಲಿಟ್ಟು ವೇಗ ಬಂದ ಮೇಲೆ ಕ್ಲಚ್ ಬಿಡಿ. ಇಂಜಿನ್ ಬಂದ್ ಇದ್ದಾಗ ಬ್ರೇಕ್ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಸ್ಟೇರಿಂಗೂ ಭಾರ. ಇಳಿಜಾರಿನಲ್ಲಿ ಬೇಡವೇ ಬೇಡ. ಮುಂದೆ ಹಮಾಲರು, ಎತ್ತಿನ ಗಾಡಿ ಇರುವ ಗಂಜ್‌ನೊಳಗಂತೂ ಬೇಡ.

ಗಂಜ್ ಲೋಡು, ಕಲಬುರಗಿ:

ಸಿಕ್ಕಿತು! 30ರಲ್ಲಿ 12.1, 87ರಲ್ಲಿ 8.2. ಹಾರ್ನ್ ರಿಲೇ ಅದೇ ತರಹದ್ದು, ತಂದು ಹಾಕಿದೆ. ಒಮ್ಮೆ ಸ್ಟಾರ್ಟ್ ಆಯಿತು. ಖುಷಿಯಾಗಿ ಬಂದ್ ಮಾಡಿ ಮತ್ತೆ ತಿರುಗಿಸಿದರೆ ಮತ್ತೆ ಟಿಕ್. ಆಗ ರಿಲೇ ಕಿತ್ತು ಮೊಬೈಲ್ ಬೆಳಕು ಬಿಟ್ಟು ಸಾಕೆಟ್ ಒಳಗೆ ನೋಡಿದೆ. ನಾಲ್ಕರಲ್ಲಿ ಒಂದು ಕಿಂಡಿ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿದೆ. ಒಳಗಿನ ಹಿತ್ತಾಳೆ ಪಿನ್ನಿನ ಬಾಯಿ ಅಗಲವಾಗಿದೆ, ಬೇರೆ ಮೂರರ ಬಾಯಿ ಬಿಗಿಯಾಗಿಯೇ ಇದೆ. ಹಳೇ ರಿಲೇಯ 87ರ ಕಾಲು ನೀಲಿ ಕಪ್ಪಾಗಿದೆ.

ಕಪನೂರು ವೈರಿಂಗ್:

ಅದೇ ನೋಡಿ ರೋಗ. ಪಿನ್ ಸಡಿಲವಾಯಿತು, ಸಡಿಲವಾದಲ್ಲಿ ಬಿಸಿಯಾಯಿತು, ಬಿಸಿಯಾದ ಹಿತ್ತಾಳೆ ತನ್ನ ಬಿಗಿ ಕಳೆದುಕೊಂಡು ಇನ್ನೂ ಸಡಿಲವಾಯಿತು. ಆ ಪಿನ್ನನ್ನು ಇಕ್ಕಳದಿಂದ ಒತ್ತಿ ಬಿಗಿ ಮಾಡಿದರೆ ಸ್ವಲ್ಪ ದಿನ ನಡೆಯಬಹುದು, ನಂಬಬೇಡಿ. ವೈರ್ ಸಮೇತ ಬರುವ ಹೊಸ ಸಾಕೆಟ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ವೈರ್ ಮೊದಲಿದ್ದಷ್ಟೇ ದಪ್ಪ ಇರಲಿ. ಬರೀ ಕೈಯಿಂದ ತಿರುಚಿ ಟೇಪ್ ಸುತ್ತಬೇಡಿ, ಲೋಹದ ಸ್ಲೀವ್ ಹಾಕಿ ಒತ್ತಿ ಕ್ರಿಂಪ್ ಮಾಡಿ. ರಿಲೇಯೂ ಹೊಸದೇ ಹಾಕಿ, ಸುಟ್ಟ ಕಾಲಿನ ಹಳೇ ರಿಲೇ ಹೊಸ ಸಾಕೆಟನ್ನೂ ಕೆಡಿಸುತ್ತದೆ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿ.

ಇನ್ನೊಂದು ಕೇಳಿ. ವಾಟರ್ ಸರ್ವಿಸ್ ಮಾಡಿಸುವಾಗ ಇಂಜಿನ್ ಮೇಲೆ ಪ್ರೆಶರ್ ನೀರು ಬಿಡಿಸುತ್ತೀರಾ? ಫ್ಯೂಸ್ ಬಾಕ್ಸ್ ಒಳಗೆ ನೀರು ಹೋಗಿ, ಮೇಲೆ ಧೂಳು ಕೂತರೆ ಪಿನ್‌ಗಳು ಹೀಗೆ ಆಗುತ್ತವೆ. ಆ ಬಾಕ್ಸಿಗೆ ಪ್ಲಾಸ್ಟಿಕ್ ಕಟ್ಟಿಸಿ, ಇಲ್ಲಾ ಇಂಜಿನ್ ತೊಳೆಸುವುದೇ ಬೇಡ.

ಶಹಾಪುರ ಹತ್ತಿ:

ಸೇಡಂ ಅಣ್ಣಾ, ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು. ಆದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಮತ್ತೆ ಏರ್.

ಸೇಡಂ ರಸ್ತೆ:

ಹಾಗಾದರೆ ಎಲ್ಲೋ ಗಾಳಿ ಎಳೆಯುತ್ತಿದೆ ಕಾಕಾ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಪೈಪ್ ನೋಡಿ. ಅಲ್ಲಿ ಪಂಪ್ ಎಳೆಯುತ್ತದೆ, ಆದ್ದರಿಂದ ಸೀಳಿದ್ದರೆ ಡೀಸೆಲ್ ಹೊರಗೆ ಕಾಣದೆಯೂ ಗಾಳಿ ಒಳಗೆ ಹೋಗುತ್ತದೆ. ರಬ್ಬರ್ ಪೈಪ್ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ, ಕ್ಲಿಪ್ ಬುಡದಲ್ಲಿ ಬಗ್ಗಿಸಿ ನೋಡಿ. ಫಿಲ್ಟರ್ ಬಟ್ಟಲಿನ ವಾಷರ್ ಕೂಡ.

ಗಂಜ್ ಲೋಡು, ಕಲಬುರಗಿ:

ಸಾಕೆಟ್, ರಿಲೇ ಎರಡೂ ಹಾಕಿಸಿದೆ, ಎದುರಿಗೆ ನಿಂತು ಕ್ರಿಂಪ್ ಮಾಡಿಸಿದೆ. ಗಂಜ್‌ನಲ್ಲಿ ಉರಿ ಬಿಸಿಲಲ್ಲೇ ನಿಲ್ಲಿಸಿ, ಚೀಲ ಇಳಿದ ಮೇಲೆ ತಿರುಗಿಸಿದೆ. ಒಂದೇ ಕೀ. ಸೆಲ್ಫ್ ತಿರುಗುವಾಗ ಬ್ಯಾಟರಿ ಬುಡದಲ್ಲಿ 10.7, ಸಣ್ಣ ವೈರಿನಲ್ಲಿ 10.3, ಅರ್ತ್ 0.15. ಸ್ಟಾರ್ಟ್ ಆದ ಮೇಲೆ ಬ್ಯಾಟರಿಯಲ್ಲಿ 14.1 ತೋರಿಸುತ್ತದೆ, ಇದು ಸರಿಯಾ? ಕಪನೂರು ಗುರುಗಳಿಗೆ, ಸೇಡಂ ಅಣ್ಣನಿಗೆ ಕೈಮುಗಿದು ಧನ್ಯವಾದ. ಸೆಲ್ಫ್ ಮೋಟರಿನ ದುಡ್ಡು ಉಳಿಯಿತು.

ಕಪನೂರು ವೈರಿಂಗ್:

ಎಲ್ಲವೂ ಸರಿ ಇದೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೊ 13.8ರಿಂದ 14.5ರ ನಡುವೆ ಕೊಟ್ಟರೆ ಸಾಕು. ಹೊಸ ಬ್ಯಾಟರಿ ಹೇಗೂ ಇದೆ, ಈ ಬಿಸಿಲಲ್ಲಿ ಅದರ ನೀರು ಬೇಗ ಆರುತ್ತದೆ. ನೀರು ಹಾಕುವ ಮಾದರಿಯಾದರೆ ಮಟ್ಟ ನೋಡುತ್ತಿರಿ, ಬರೀ ಡಿಸ್ಟಿಲ್ಡ್ ನೀರು ಹಾಕಿ, ಬೋರ್‌ವೆಲ್ ನೀರು ಬೇಡ. ಅದರಲ್ಲಿರುವ ಉಪ್ಪು ಪ್ಲೇಟು ತಿನ್ನುತ್ತದೆ.

ಶಹಾಪುರ ಹತ್ತಿ:

ಟ್ಯಾಂಕ್ ಕೆಳಗಿನ ಕ್ಲಿಪ್ ಹತ್ತಿರವೇ ಪೈಪ್ ಸೀಳಿತ್ತು. ಹೊರಗೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಹೊಸ ಪೈಪ್, ಎರಡು ಕ್ಲಿಪ್ ಹಾಕಿದೆ. ಬೆಳಿಗ್ಗೆ ಮೊದಲ ಸೆಲ್ಫಿಗೇ ಎದ್ದಿತು.